ಕೆಟ್ಟ ಕೆಲಸದ ವಿಳಾಸ

ಯಾವ ಅಂಗಿ ಕೈಗೆ ಬಂದರೂ ಟೈಲರಕ್ಕ ಮೊದಲು ಅದರ ಒಳಮೈ ಹೊರಗೆ ಮಾಡಿ ನೋಡುತ್ತಾಳೆ. ಮೇಲಿನ ಅಂದಚಂದ ಅವಳಿಗೆ ಬೇಕಿಲ್ಲ. ಹೊಲಿಗೆ ಎಲ್ಲಿ ಶುರುವಾಗಿದೆ, ಗಂಟು ಎಲ್ಲಿ ಬಿದ್ದಿದೆ, ಅಷ್ಟು ತಿಳಿದರೆ ಸಾಕು. ಬೀದಿಯ ಜನ ಅವಳ ಹೆಸರನ್ನೇ ಮರೆತು ಟೈಲರಕ್ಕ ಎಂದು ಕರೆಯತೊಡಗಿ ಇಪ್ಪತ್ತು ವರ್ಷವಾಯಿತು. ಅವಳಿಗೂ ಅದೇ ಹಿತ.

ಗಂಡ ಬಸ್ ಡ್ರೈವರ್. ದಾರಿಯಲ್ಲಿ ಕೈ ತೋರಿಸಿದವರಿಗೆಲ್ಲ ನಿಲ್ಲಿಸಿ ನಿಲ್ಲಿಸಿ, ಪುಣ್ಯಾತ್ಮನಿಗೆ ಇಲ್ಲ ಎನ್ನುವ ಮಾತೇ ಮರೆತುಹೋಗಿತ್ತು. ಎರಡು ವರ್ಷದ ಹಿಂದೆ ಬಚ್ಚಲಿಗೆ ಟೈಲ್ಸ್ ಹಾಕಿಸುವಾಗಲೂ ಅಷ್ಟೇ, ಬಾಗಿಲಿಗೆ ಬಂದ ಮೊದಲನೆಯವನಿಗೇ ಹೂಂ ಅಂದುಬಿಟ್ಟಿದ್ದ. ಟೈಲ್ಸ್ ಏನೋ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನೀರು ಮಾತ್ರ ಮೋರಿಯ ಕಡೆ ಹೋಗದೆ ಬಾಗಿಲ ಬಳಿ ಬಂದು ನಿಲ್ಲುತ್ತಿತ್ತು. ಆ ನೀರಿನಲ್ಲೇ ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದು.

ಸೊಂಟ ಕೂಡಿಕೊಂಡಿತು, ಧೈರ್ಯ ಕೂಡಲಿಲ್ಲ. ಕೋಲು ಹಿಡಿದು ಮನೆಯೆಲ್ಲ ಓಡಾಡುವ ಅತ್ತೆ, ಬಚ್ಚಲಿಗೆ ಮಾತ್ರ ಸೊಸೆಯ ತೋಳು ಹಿಡಿದೇ ಹೋಗಬೇಕು. ಎಪ್ಪತ್ತಾರು ವರ್ಷ ಯಾರ ಹಂಗೂ ಇಲ್ಲದೆ ಬದುಕಿದ ಹೆಂಗಸು, ಈಗ ಸೊಸೆಯ ಮುಂದೆ ಕಣ್ಣು ಮುಚ್ಚಿಕೊಂಡು ಕೂತು, ನಾಲ್ಕು ಚೊಂಬು ಸುರಿಸಿಕೊಂಡು, "ನಿನಗೆ ತೊಂದ್ರೆ ಆಯ್ತಮ್ಮ" ಎನ್ನುತ್ತ ಹೊರಬರುತ್ತಿದ್ದರು. ಆ ನೆಲ ಕಿತ್ತು ಹೊಸದು ಹಾಕಿಸಬೇಕು, ಅತ್ತೆ ಮತ್ತೆ ಒಬ್ಬರೇ ಸ್ನಾನ ಮಾಡುವಂತಾಗಬೇಕು, ಈ ಸಲ ಮಾತ್ರ ಮೋಸ ಹೋಗಬಾರದು ಎಂದು ಟೈಲರಕ್ಕ ಹಟ ಹಿಡಿದಳು.

ಮೊದಲು ಬಂದವನು ಗರಿಗರಿ ಇಸ್ತ್ರಿಯ ಗುತ್ತಿಗೆದಾರ. ಕಾರ್ಡಿನಲ್ಲಿ ಬಂಗಾರದ ಬಣ್ಣದ ಅಕ್ಷರ, ಅದರ ಕೆಳಗೆ ಪರವಾನಗಿ ನಂಬರು. ಮಾತೋ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಗಂಡ ಆಗಲೇ ತಲೆಯಾಡಿಸುತ್ತಿದ್ದ.

"ನಂಬರ್ ಇದೆಯಲ್ಲೇ, ಇನ್ನೇನು ಬೇಕು?"

"ನಂಬರ್ ನಿಮ್ಮ ಬಸ್ಸಿಗೂ ಇದೆ ರೀ. ವಾರಕ್ಕೆರಡು ಸಲ ದಾರೀಲಿ ನಿಂತುಹೋಗಲ್ವಾ?" ಎಂದ ಟೈಲರಕ್ಕ ಮರುದಿನವೇ ಪರವಾನಗಿ ಕೊಡುವ ಕಚೇರಿಗೆ ಹೋದಳು.

ಗುಮಾಸ್ತ ನಂಬರು ಹುಡುಕಿ, "ಇದು ಬೋರ್‌ವೆಲ್ ಕೊರೆಯೋರದ್ದಮ್ಮ. ಅದೂ ರದ್ದಾಗಿ ನಾಲ್ಕು ವರ್ಷ ಆಯ್ತು" ಅಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ನೋಡಿ. ಮನೆಗೆ ಬಂದು ಇದನ್ನು ಹೇಳಿದಾಗ ಗಂಡ ಪೇಪರಿನ ಹಿಂದೆ ಮುಖ ಅಡಗಿಸಿಕೊಂಡ.

ಎರಡನೆಯವನು ಒಬ್ಬ ಮೇಸ್ತ್ರಿ. ಮಾತು ಕಮ್ಮಿ, ಉಗುರಿನಲ್ಲಿ ಸಿಮೆಂಟು. ಪರವಾನಗಿ ಕೇಳಿದರೆ ಮಡಚಿ ಮಡಚಿ ಸವೆದ ಕಾಗದ ತೆಗೆದ. ಕಚೇರಿಯಲ್ಲಿ ವಿಚಾರಿಸಿದರೆ ಅದು ಸರಿಯಾಗಿಯೇ ಇತ್ತು. ನೀನು ಕೆಲಸ ಮಾಡಿದ ಮನೆ ತೋರಿಸಪ್ಪಾ ಅಂದರೆ ಒಂದೇ ಒಂದು ವಿಳಾಸ ಬರೆದುಕೊಟ್ಟ.

ಅದು ಮಹಡಿಯ ಮೇಲಿನ ಮನೆ. ಬಾಗಿಲು ತೆಗೆದವರು ಕೆಲಸದಿಂದ ನಿವೃತ್ತರಾದ ನರ್ಸಮ್ಮ. ಮೇಸ್ತ್ರಿ ಕಳಿಸಿದ ಎಂದ ಕೂಡಲೇ ನಕ್ಕರು.

"ಅವನ ಕೆಲಸಾನಾ? ಆರೇ ತಿಂಗಳಿಗೆ ಕೆಟ್ಟುಹೋಯ್ತು. ನೀರೆಲ್ಲಾ ಕೆಳಗಿನ ಮನೆಯವರ ತಲೆ ಮೇಲೆ."

ಇವನ ಹಣೆಬರಹವೂ ಇಷ್ಟೇ ಎಂದುಕೊಂಡು ಟೈಲರಕ್ಕ ಹೊರಡಲು ತಿರುಗಿದಳು.

"ಕೂತ್ಕೊಳ್ಳಮ್ಮ, ಕಥೆ ಮುಗಿದಿಲ್ಲ. ಫೋನ್ ಮಾಡಿದ ಮರುದಿನ ಬೆಳಿಗ್ಗೇನೇ ಬಂದ. ಬಾಯಿಗೆ ಬಂದಹಾಗೆ ಬೈದೆ, ತಲೆ ತಗ್ಗಿಸಿ ಕೇಳಿಸ್ಕೊಂಡ. ಪೂರ್ತಿ ನೆಲ ಕಿತ್ತು, ಹನ್ನೊಂದು ದಿನ ತಾನೇ ಕೂತು ಹಾಕಿಕೊಟ್ಟ. ಕೆಳಗಿನ ಮನೆ ಚಾವಣಿಗೂ ಬಣ್ಣ ಹೊಡೆದ. ಅದಾಗಿ ಮೂರು ವರ್ಷ. ಬೇಕಾದ್ರೆ ಹೋಗಿ ನೋಡು."

ಬಿಡುತ್ತಾಳೆಯೇ ಟೈಲರಕ್ಕ! ಬಾಗಿಲ ಹಿಂದಿನ ಮೂಲೆ, ಬೇಸಿನ್ನಿನ ಅಡಿ, ಪೈಪು ಗೋಡೆಯೊಳಗೆ ಹೋಗುವ ಜಾಗ, ಯಾರೂ ಬಗ್ಗದ ಕಡೆಯೆಲ್ಲ ಬಗ್ಗಿ ನೋಡಿದಳು. ಒಂದು ಚೊಂಬು ನೀರು ಸುರಿದಳು. ನೀರು ಅತ್ತಿತ್ತ ಹೋಗದೆ ನೆಟ್ಟಗೆ ಮೋರಿಗೆ ಇಳಿಯಿತು.

ಸಂಜೆ ಮೇಸ್ತ್ರಿಯನ್ನು ಕೇಳಿಯೇ ಬಿಟ್ಟಳು. "ಅಷ್ಟೊಂದು ಮನೆಗೆ ಕೆಲಸ ಮಾಡಿದ್ದೀಯ. ಕೆಟ್ಟುಹೋದ ಮನೆ ವಿಳಾಸಾನೇ ಯಾಕಪ್ಪಾ ಕೊಟ್ಟೆ?"

"ಚೆನ್ನಾಗಿರೋದನ್ನ ಎಲ್ರೂ ತೋರಿಸ್ತಾರೆ ಅಕ್ಕ. ಕೆಟ್ಟಾಗ ನಾನು ಫೋನ್ ಎತ್ತುತ್ತೀನಾ ಇಲ್ವಾ ಅಂತ ಹೇಳೋಕೆ ಅವರೊಬ್ಬರೇ ಇರೋದು."

ಕತ್ತರಿ ತಪ್ಪಿ ಕೆಡಿಸಿದ ಅಂಗಿಗಳನ್ನು ಟೈಲರಕ್ಕನೂ ಎಷ್ಟೋ ಸಲ ಬಿಚ್ಚಿ ಸರಿಮಾಡಿ ಕೊಟ್ಟಿದ್ದಳು. ಆದರೆ ಅವುಗಳ ಸುದ್ದಿಯನ್ನು ಹೊಸ ಗಿರಾಕಿಗೆ ತಪ್ಪಿಯೂ ಹೇಳಿದವಳಲ್ಲ. ತನಗಿಲ್ಲದ ಎದೆಗಾರಿಕೆ ಇವನಿಗಿದೆ ಅನ್ನಿಸಿತು. "ಸೋಮವಾರ ಬಾ" ಅಂದಳು.

ಎಂಟು ದಿನದಲ್ಲಿ ಕೆಲಸ ಮುಗಿಯಿತು. ಕಾಲಿಗೆ ಹಿಡಿತ ಸಿಗುವ ಒರಟು ಟೈಲ್ಸ್, ಗೋಡೆಯ ಉದ್ದಕ್ಕೂ ಉಕ್ಕಿನ ಹಿಡಿಕೆ. ನೆಲ ಪೂರ್ತಿ ಒಣಗಿದ ಮೇಲೆ ಅತ್ತೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲಿಗೆ ಬಂದರು. ಕೋಲಿನಿಂದ ನೆಲವನ್ನು ಎರಡು ಸಲ ಕುಟ್ಟಿ ನೋಡಿದರು. ಒಂದು ಕಾಲಿಟ್ಟರು, ಹಿಡಿಕೆ ಹಿಡಿದು ಇನ್ನೊಂದನ್ನೂ ಇಟ್ಟರು. ಟೈಲರಕ್ಕ ತೋಳು ಚಾಚಿದಳು. ಅತ್ತೆ ಅದನ್ನು ಮೆಲ್ಲಗೆ ಆಚೆ ಸರಿಸಿ ಬಾಗಿಲು ಮುಚ್ಚಿದರು. ಒಳಗಿನಿಂದ ಚಿಲಕ ಬಿತ್ತು.

ಟೈಲರಕ್ಕ ಬಾಗಿಲಿಗೆ ಕಿವಿಗೊಟ್ಟು ಅಲ್ಲೇ ನಿಂತಳು. ನೀರು ಸುರಿಯುವ ಸದ್ದು ಬಂತು, ನಿಂತಿತು, ಮತ್ತೆ ಬಂತು. ಹತ್ತು ನಿಮಿಷ, ಇಪ್ಪತ್ತು ನಿಮಿಷ.

ಡ್ಯೂಟಿ ಮುಗಿಸಿ ಬಂದ ಗಂಡ, ಮೈಯೆಲ್ಲ ಧೂಳು, ಬಚ್ಚಲ ಬಾಗಿಲು ತಟ್ಟಲು ಕೈ ಎತ್ತಿದ.

"ಅಮ್ಮ ಒಳಗೆ ಹೋಗಿ ಎಷ್ಟೊತ್ತಾಯ್ತೇ?"

ಟೈಲರಕ್ಕ ಅವನ ಕೈ ಹಿಡಿದುಕೊಂಡಳು. "ಮುಕ್ಕಾಲು ಗಂಟೆ. ತಟ್ಟಬೇಡಿ ರೀ, ಅವರು ಬರೋವಾಗ ಬರ್ತಾರೆ."