ಸಂಜೆ ಹೊತ್ತಿನ ಅಳತೆ

ಹೆಂಗಸರ ಕಾಲನ್ನು ತೊಡೆಯವರೆಗೆ ಅಳೆಯುವುದೂ ಒಂದು ಕೆಲಸ ಎಂದರೆ ಆಗಿನ ಜಯನಗರದಲ್ಲಿ ಎಷ್ಟೋ ಜನ ನಂಬುತ್ತಿರಲಿಲ್ಲ. ಜಯಶೀಲಾ ಹೊಟ್ಟೆ ಹೊರೆದುಕೊಂಡದ್ದು ಅದರಿಂದಲೇ. ಮೂರನೇ ಬ್ಲಾಕಿನಲ್ಲಿ ಆಸ್ಪತ್ರೆ ಸಾಮಾನಿನ ಅಂಗಡಿಯೊಂದಿತ್ತು. ಊರುಗೋಲು, ಬಿಸಿನೀರಿನ ಚೀಲ, ಹರ್ನಿಯಾ ಬೆಲ್ಟುಗಳ ಜೊತೆಗೆ, ಕಾಲಿನ ನರ ಉಬ್ಬಿದವರಿಗೆಂದು ರಬ್ಬರ್ ದಾರ ಸೇರಿಸಿ ನೇಯ್ದ ಬಿಗಿಯಾದ ಕಾಲುಚೀಲಗಳೂ ಅಲ್ಲಿ ಸಿಗುತ್ತಿದ್ದವು. ಗಂಡಸರು ಅಂಗಡಿಯಲ್ಲೇ ಪಂಚೆ ಎತ್ತಿ ಅಳತೆ ಕೊಟ್ಟು ಹೋಗುತ್ತಿದ್ದರು. ಹೆಂಗಸರಿಗೆ ಡಾಕ್ಟರು ತೊಡೆಯವರೆಗಿನ ಚೀಲ ಬರೆದುಕೊಟ್ಟರೆ ಮಾತ್ರ ಜಯಶೀಲಾ ಟೇಪು ಹಿಡಿದು ಅವರ ಮನೆಗೇ ಹೋಗಬೇಕಿತ್ತು.

ಅದಕ್ಕೆ ಮೊದಲು ಅವಳು ಹೆರಿಗೆ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ನರ್ಸಾಗಿದ್ದಳು. ಮದುವೆಯಾದ ಮೂರನೇ ವರ್ಷಕ್ಕೇ ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಬಾಣಂತಿಯರನ್ನು ಎತ್ತಿ ಮಲಗಿಸಿ ಬೆನ್ನು ಹಿಡಿದುಕೊಂಡಾಗ ಆಸ್ಪತ್ರೆ ಬಿಟ್ಟು, ಯಡಿಯೂರಿನಲ್ಲಿ ಒಂದು ಕೋಣೆ ಹಿಡಿದು ಈ ಕೆಲಸಕ್ಕೆ ಸೇರಿದಳು. ಅವಳ ಕೈ ಬೆಚ್ಚಗಿತ್ತು, ಮಾತು ಕಡಿಮೆ. ಗಂಡನಿಗೂ ಕಾಲು ತೋರಿಸದ ಹೆಂಗಸರು ಅವಳ ಮುಂದೆ ಸೀರೆ ಸರಿಸುತ್ತಿದ್ದರು.

ಈ ಕೆಲಸಕ್ಕೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ. ಅಳತೆಯನ್ನು ಬೆಳಿಗ್ಗೆ, ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ತೆಗೆಯಬೇಕು. ಎದ್ದು ಓಡಾಡಿದರೆ ಕಾಲು ಊದುತ್ತದೆ. ಊದಿದ ಕಾಲಿನ ಅಳತೆಗೆ ತರಿಸಿದ ಚೀಲ ಸಡಿಲವಾಗುತ್ತದೆ, ಜಾರುತ್ತದೆ, ಜಾರಿ ಸುರುಳಿ ಸುತ್ತಿ ಮೊಣಕಾಲ ಹಿಂದೆ ಹಗ್ಗ ಬಿಗಿದ ಹಾಗೆ ಕೂರುತ್ತದೆ. ಜಯಶೀಲಾಗೆ ಇದೆಲ್ಲ ಗೊತ್ತಿತ್ತು.

ಸಾವಿರದ ಒಂಬೈನೂರ ಅರವತ್ತೊಂದರ ಮಳೆಗಾಲದಲ್ಲಿ ಡಾಕ್ಟರ್ ಚಕ್ರಪಾಣಿಯವರ ಚೀಟಿ ಹಿಡಿದು ಅವಳು ರೇವಣಸಿದ್ದಪ್ಪನ ಮನೆಗೆ ಹೋದಳು. ರಾಜ್ಯ ಒಂದಾದ ಮೇಲೆ ಧಾರವಾಡದಿಂದ ವಿಧಾನಸೌಧಕ್ಕೆ ವರ್ಗವಾಗಿ ಬಂದಿದ್ದ ಗುಮಾಸ್ತ ಅವನು. ಹೆಂಡತಿ ಸರ್ವಮಂಗಳಾಗೆ ಇಪ್ಪತ್ತಾರು ವರ್ಷ, ಏಳು ತಿಂಗಳ ಬಸುರಿ. ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಈ ಸಲ ಎಡಗಾಲಿನ ನರಗಳು ಪಾದದಿಂದ ತೊಡೆಯವರೆಗೆ ಬಳ್ಳಿಯ ಹಾಗೆ ಉಬ್ಬಿದ್ದವು.

ಬಾಗಿಲಲ್ಲೇ ಎದುರಾದವರು ಅತ್ತೆ ಬಸವಲಿಂಗಮ್ಮ. ನಾಳೆ ಬೆಳಿಗ್ಗೆ ಆರಕ್ಕೆ ಬರುತ್ತೇನೆ ಎಂದು ಜಯಶೀಲಾ ಹೇಳಿದ ತಕ್ಷಣ ಅವರು ಕೈ ಅಡ್ಡ ಆಡಿಸಿದರು.

“ಮುಂಜಾನಿ ಬ್ಯಾಡ್ರಿ ಬಾಯಾರ. ಲಿಂಗಪೂಜಿ ಮುಗಿಯೂತನಾ ನಮ್ಮ ಮನ್ಯಾಗ ಹೊರಗಿನವ್ರು ಬರಂಗಿಲ್ಲ. ಸಂಜೀ ಮುಂದ ಬರ್ರಿ.”

“ಸಂಜೆಗೆ ಕಾಲು ಊದಿರುತ್ತಮ್ಮ. ಆಗ ಅಳತೆ ತಗೊಂಡ್ರೆ ಚೀಲ ಸಡಿಲ ಆಗಿಬಿಡುತ್ತೆ.”

“ಒಂದೀಟು ಸಡ್ಲ ಆದ್ರ ಏನಾಕ್ಕತಿ? ಬಸುರಿ ಕಾಲು, ಮುಂದ ಇನ್ನೂ ಊದತಾವ.”

ಆ ಮಾತಿನಲ್ಲೂ ಒಂದು ನ್ಯಾಯವಿದೆ ಅನ್ನಿಸಿತು ಜಯಶೀಲಾಗೆ. ಡಾಕ್ಟರಿಂದ ಹೇಳಿಸಬಹುದಿತ್ತು. ಆದರೆ ಅಂದು ಇನ್ನೂ ಎರಡು ಮನೆಗೆ ಹೋಗುವುದಿತ್ತು, ಮಳೆ ಬೇರೆ ಹಿಡಿಯುವ ಹಾಗಿತ್ತು. ಆಗಲಿ ಎಂದುಬಿಟ್ಟಳು.

ಮರುದಿನ ಸಂಜೆ ಹೋದಾಗ ಸರ್ವಮಂಗಳಾ ನಡುಮನೆಯ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಹಿಮ್ಮಡಿಯ ಮೇಲೆ, ಮೀನಖಂಡ, ಮೊಣಕಾಲ ಕೆಳಗೆ, ತೊಡೆಯ ನಡುವೆ, ತೊಡೆಯ ಮೇಲ್ಭಾಗ ಎಂದು ಒಂದೊಂದೇ ಕಡೆ ಟೇಪು ಸುತ್ತಿ ಜಯಶೀಲಾ ಬರೆದುಕೊಂಡಳು. ಬೆರಳೊತ್ತಿದಲ್ಲಿ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಅಂದಾಜಿನ ಮೇಲೆ ಅರ್ಧ ಇಂಚು ಕಳೆಯೋಣವೆ ಎಂದು ಯೋಚಿಸಿದಳು, ಧೈರ್ಯ ಬರಲಿಲ್ಲ.

“ಈ ಸಲ ಕೂಸು ಉಳೀತೈತಲ್ರಿ, ಬಾಯಾರ?” ಗೋಡೆ ನೋಡುತ್ತಲೇ ಸರ್ವಮಂಗಳಾ ಕೇಳಿದಳು.

“ಉಳಿಯುತ್ತೆ. ಯಾಕೆ ಉಳಿಯಲ್ಲ?”

ಮುಂಬಯಿಯಿಂದ ಚೀಲ ಬರಲು ಮೂರು ವಾರ ಹಿಡಿಯಿತು. ತೊಡಿಸಲು ಹೋದ ದಿನ ಸರ್ವಮಂಗಳಾ ಮಧ್ಯಾಹ್ನವೆಲ್ಲ ಮಲಗಿದ್ದಳು. ಕಾಲಿನ ಊತ ಇಳಿದಿತ್ತು. ಚೀಲವನ್ನು ಹಿಮ್ಮಡಿಯವರೆಗೆ ಒಳಮಗ್ಗುಲು ತಿರುಗಿಸುವುದು, ಪಾದ ತೂರಿಸುವುದು, ಉಗುರು ತಾಗದ ಹಾಗೆ ಅಂಗೈಯಲ್ಲಿ ಸವರುತ್ತ ಮೇಲೇರಿಸುವುದು, ಎಲ್ಲವನ್ನೂ ಜಯಶೀಲಾ ಮಾಡಿ ತೋರಿಸಿದಳು. ಸರ್ವಮಂಗಳಾ ನಕ್ಕಳು. “ಹಾವಿನ ಪೊರಿ ಇದ್ದಂಗ ಐತಲ್ರಿ!”

ಮೊಣಕಾಲಿನವರೆಗೆ ಚೀಲ ಪರವಾಗಿಲ್ಲ ಎನ್ನುವ ಹಾಗೆ ಕೂತಿತು. ತೊಡೆಯ ಹತ್ತಿರ ಎರಡು ಬೆರಳು ಸಲೀಸಾಗಿ ಒಳಗೆ ಹೋದವು. ಸೊಂಟಕ್ಕೆ ಪಟ್ಟಿ ಕಟ್ಟಿ ಎತ್ತಿ ಹಿಡಿಯೋಣವೆಂದರೆ ತುಂಬಿದ ಹೊಟ್ಟೆ. ವಾಪಸು ಕೊಂಡೊಯ್ದು ಬೇರೆ ತರಿಸಿದರೆ ಇನ್ನೂ ಮೂರು ವಾರ. ಅಷ್ಟರಲ್ಲಿ ದಿನ ತುಂಬುತ್ತದೆ. ಜಯಶೀಲಾ ಚೀಲದ ಮೇಲಂಚನ್ನು ಇನ್ನೊಮ್ಮೆ ಎಳೆದು ಕೂರಿಸಿದಳು.

“ಜಾರಿದ್ರೆ ಮೇಲಕ್ಕೆ ಎಳ್ಕೊಳ್ಳಿ. ಸುರುಳಿ ಸುತ್ತಿಕೊಳ್ಳೋಕೆ ಮಾತ್ರ ಬಿಡಬೇಡಿ.” ಅಷ್ಟು ಹೇಳಿ ಹೊರಟು ಬಂದಳು.

ಚೀಲ ತೊಡಿಸಿದ ಹನ್ನೆರಡನೆಯ ದಿನ ಚಕ್ರಪಾಣಿಯವರು ಅವಳನ್ನು ದವಾಖಾನೆಗೆ ಕರೆಸಿದರು. ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದ ಸರ್ವಮಂಗಳಾ ಎದೆ ಹಿಡಿದುಕೊಂಡು ಕುಸಿದಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

“ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಹೋಗಿದೆ. ಮಗುನೂ ಉಳೀಲಿಲ್ಲ.”

“ಮೊಣಕಾಲ ಹಿಂದೆ ಗುರುತು ಇತ್ತಾ ಸಾರ್?”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇತ್ತು. ಅದರಿಂದಲೇ ಹೀಗಾಯ್ತು ಅಂತ ನಾನು ಹೇಳಲಾರೆ ಸಿಸ್ಟರ್. ಬಸುರಿಯರಲ್ಲಿ ಏನೂ ಕಾರಣವಿಲ್ಲದೆಯೂ ಹೀಗಾಗುತ್ತೆ. ಆದರೆ ಅದರಿಂದ ಅಲ್ಲ ಅಂತಲೂ ಹೇಳಲಾರೆ.”

ಸರ್ವಮಂಗಳಾ ತೀರಿಕೊಂಡ ಐದನೆಯ ದಿನ ಜಯಶೀಲಾ ಆ ಮನೆಗೆ ಹೋದಳು. ಹಾಕಿದ ಚೀಲ ಸಡಿಲವಿತ್ತು, ಅದು ಗೊತ್ತಿದ್ದೂ ಬಿಟ್ಟು ಹೋದೆ ಎಂದು ಹೇಳಿಬಿಡಬೇಕೆಂದೇ ಹೋಗಿದ್ದಳು. ಬಸವಲಿಂಗಮ್ಮ ಹಿತ್ತಲ ಕಲ್ಲಿನ ಮೇಲೆ ಕೂತಿದ್ದರು. ಇವಳು ಬಾಯಿ ತೆರೆಯುವ ಮೊದಲೇ ಅವರು ಮಗ ಎಲ್ಲಿದ್ದಾನೆಂದು ಒಳಗೆ ನೋಡಿ, ಇವಳ ಮೊಣಕೈ ಹಿಡಿದುಕೊಂಡರು.

“ಮುಂಜಾನಿ ಬ್ಯಾಡ ಅಂದಾಕಿ ನಾನಽ. ಅವಂಗ ಹೇಳಬ್ಯಾಡ್ರಿ. ಸಡ್ಲ ಇತ್ತು ಅಂತ ಗೊತ್ತಾದ್ರ ಯಾಕ ಅಂತ ಕೇಳತಾನ. ಆಮ್ಯಾಲ ಅಂವ ನನ್ನ ಮಾರಿ ನೋಡಂಗಿಲ್ಲ. ನನಗ ಇರಾಂವ ಅವನೊಬ್ಬನಽ.”

ಹೇಳುವುದಿಲ್ಲ ಎಂದು ಜಯಶೀಲಾ ತಲೆಯಾಡಿಸಿದಳು. ಹೇಳಲು ಬಂದದ್ದನ್ನು ಹೇಳದೆಯೇ ಹೊರಟು ಬಂದಳು.

ತಿಂಗಳು ಕಳೆದ ಮೇಲೆ ರೇವಣಸಿದ್ದಪ್ಪ ಅಂಗಡಿಗೆ ಬಂದ. ಗಡ್ಡ ಬೆಳೆದಿತ್ತು. ಒಗೆದು ಮಡಚಿದ ಚೀಲವನ್ನು ಸುದ್ದಿಪತ್ರಿಕೆಯಲ್ಲಿ ಸುತ್ತಿ ತಂದಿದ್ದ.

“ಯಾರಿಗಾದ್ರೂ ಉಪಯೋಗ ಆಗತದೇನು ನೋಡ್ರಿ.” ಹೋಗಲು ತಿರುಗಿದವನು ನಿಂತ. “ಬಾಯಾರ, ಒಂದು ಮಾತು. ಅಳತಿ ಬರೋಬ್ಬರಿ ಇತ್ತಲ್ರಿ? ಆಕಿ ಎರಡು ಮೂರು ಸಲ ಜಾರತೈತಿ ಅಂದ್ಲು. ಎಳಕೋ ಅಂದೆ. ಡಾಕ್ಟರಿಗೆ ತೋರಸ್ಬೇಕಿತ್ತು ನಾನು.”

ಆಗಲೇ ಹೇಳಬೇಕಿತ್ತು. ಅವಳ ತಪ್ಪನ್ನೂ ತಾನೇ ಹೊತ್ತು ತಿರುಗುತ್ತಿದ್ದ ಅವನ ಮುಖ ನೋಡಿಯಾದರೂ ಹೇಳಬೇಕಿತ್ತು. ಆದರೆ ಹಿತ್ತಲಲ್ಲಿ ಕೊಟ್ಟ ಮಾತು ಒಂದು ಕಡೆ, ತನ್ನ ಹೆದರಿಕೆ ಇನ್ನೊಂದು ಕಡೆ. ಎರಡರಲ್ಲಿ ಯಾವುದು ದೊಡ್ಡದಿತ್ತೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

“ಸರಿಯಾಗಿತ್ತು ಸಾರ್,” ಎಂದಳು. “ನಿಮ್ಮದೇನೂ ತಪ್ಪಿಲ್ಲ.”

ಅವನು ಕೈಮುಗಿದು ಹೋದ. ಮುಂದಿನ ವರ್ಷ ಧಾರವಾಡಕ್ಕೇ ವರ್ಗ ಮಾಡಿಸಿಕೊಂಡು ತಾಯಿಯನ್ನೂ ಕರೆದುಕೊಂಡು ಹೊರಟುಹೋದನೆಂದು ಕೇಳಿದಳು. ಆ ಮೇಲೆ ಅವರ ಸುದ್ದಿ ಬರಲಿಲ್ಲ.

ಅಂದಿನಿಂದ ಜಯಶೀಲಾ ಸಂಜೆ ಅಳತೆ ತೆಗೆಯಲಿಲ್ಲ. ಒಪ್ಪದ ಮನೆಯವರೊಡನೆ ಜಗಳವಾಡಿದಳು, ಗಯ್ಯಾಳಿ ಎನ್ನಿಸಿಕೊಂಡಳು. ಅಂಗಡಿಯ ಯಜಮಾನರು ಗಿರಾಕಿ ತಪ್ಪಿಹೋಗುತ್ತಾರೆಂದು ಗೊಣಗಿದರೂ ಜಗ್ಗಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ನಡೆದುಕೊಂಡೇ ಹೋಗುತ್ತಿದ್ದಳು. ತೊಡೆಯಲ್ಲಿ ಒಂದು ಬೆರಳು ಒಳಗೆ ಹೋದರೂ ಚೀಲ ವಾಪಸು ತರುತ್ತಿದ್ದಳು. ಕೆಲಸ ಚೊಕ್ಕವಾಯಿತು. ಆದರೆ ಮಲಗಿದ ಹೆಂಗಸು ಯಾರೇ ಆಗಿರಲಿ, ಗೋಡೆ ಕಡೆ ಮುಖ ತಿರುಗಿಸಿದರೆ ಸಾಕು, ಟೇಪು ಹಿಡಿದ ಕೈ ತಡೆಯುತ್ತಿತ್ತು.

ಅರವತ್ತಾರರ ಚಳಿಗಾಲದಲ್ಲಿ ಸಾರಕ್ಕಿಯಿಂದ ಕರೆ ಬಂತು. ಮುನಿವೆಂಕಟಮ್ಮ ಎಂಬ ಹೆಂಗಸು ಕೆರೆಯ ಕೆಳಗಿನ ತೋಟದಲ್ಲಿ ಸೊಪ್ಪು ಬೆಳೆದು, ಬುಟ್ಟಿ ಹೊತ್ತು ಜಯನಗರದ ಬೀದಿಗಳಲ್ಲಿ ಮಾರುವವಳು. ಏಳು ಹೆತ್ತ ಮೈ. ಕಾಲಿನ ನರ ಒಡೆದು ಹುಣ್ಣಾಗಿ ಆಗಷ್ಟೇ ಮಾಗಿತ್ತು. ಎದ್ದೇಳದೆ ಇರಬೇಕೆಂದು ಹಿಂದಿನ ದಿನವೇ ಹೇಳಿ ಕಳಿಸಿದ್ದರಿಂದ ಅವಳು ಕಂಬಳಿ ಹೊದ್ದು ಚಾಪೆಯ ಮೇಲೇ ಕಾಯುತ್ತಿದ್ದಳು.

“ಇಂಥ ಮಂಜಲ್ಲಿ ಯಡಿಯೂರಿಂದ ನಡ್ಕೊಂಡ್ ಬಂದ್ಯಾ ತಾಯಿ? ಬಿಸ್ಲು ಬಂದ್ಮೇಲೆ ಬಂದಿದ್ರೆ ಏನಾಗ್ತಿತ್ತು?”

ಎಲ್ಲರಿಗೂ ಹೇಳುವ ಉತ್ತರವನ್ನೇ ಹೇಳಲು ಹೊರಟ ಜಯಶೀಲಾ ಚಾಪೆಯ ಅಂಚಿನಲ್ಲಿ ಕೂತಳು. ಐದು ವರ್ಷ ಯಾರ ಮುಂದೆಯೂ ಆಡದ ಮಾತು ತಾನಾಗಿಯೇ ಹೊರಗೆ ಬಂತು. ಸಂಜೆಯ ಅಳತೆ, ಒಳಗೆ ಹೋದ ಎರಡು ಬೆರಳು, ಸರಿಯಾಗಿತ್ತು ಸಾರ್ ಎಂದದ್ದು, ಎಲ್ಲವನ್ನೂ ಹೇಳಿದಳು.

ಮುನಿವೆಂಕಟಮ್ಮ ಎಲ್ಲ ಕೇಳಿಸಿಕೊಂಡಳು. ಹೋಗಲಿ ಬಿಡು ಎನ್ನಲಿಲ್ಲ, ಯಾಕೆ ಹಾಗೆ ಮಾಡಿದೆ ಎಂದೂ ಕೇಳಲಿಲ್ಲ. ಆ ಹುಡುಗಿಯ ಹೆಸರೇನೆಂದು ಮಾತ್ರ ಕೇಳಿದಳು. ಜಯಶೀಲಾ ಹೇಳಿದಳು. ಹೊರಗೆ ಯಾರೋ ಬಾವಿಗೆ ಕೊಡ ಇಳಿಸುತ್ತಿದ್ದರು.

ಮುನಿವೆಂಕಟಮ್ಮ ಕಂಬಳಿ ಸರಿಸಿ ಸೀರೆಯನ್ನು ತಾನೇ ಮೇಲೆತ್ತಿಕೊಂಡಳು.

“ಅಳ್ತೆ ತಗೋ ತಾಯಿ,” ಎಂದಳು. “ನಾನಿನ್ನೂ ಕಾಲು ಕೆಳಗಿಟ್ಟಿಲ್ಲ.”