ಗೌರಿಯ ಭೌತಶಾಸ್ತ್ರ

ಬಿದ್ದ ಚಮಚ ಎತ್ತಿಕೊಡುವುದರಲ್ಲಿ ನಾನೀಗ ಸಾಕಷ್ಟು ಪಳಗಿದ್ದೇನೆ. ಪಿಯು ಕಾಲೇಜಿನಲ್ಲಿ ವರ್ಷಗಟ್ಟಲೆ ಗುರುತ್ವಾಕರ್ಷಣೆ ಕಲಿಸಿದವನಿಗೆ ನಿವೃತ್ತಿಯ ಹೊಸ್ತಿಲಲ್ಲಿ ಸಿಕ್ಕ ಬಡ್ತಿ ಇದು. ಕೊಟ್ಟವಳು ಗೌರಿ. ಶಿವಬಸವ ನಗರದ ನಮ್ಮ ಮನೆಯ ಕೆಳಮಹಡಿಯಲ್ಲಿ ಬಾಡಿಗೆಗಿರುವ ಸುನಂದಾಳ ಮಗಳು. ಇನ್ನೂ ನಿಲ್ಲಲು ಬಾರದು, ಅಂಬೆಗಾಲಿನಲ್ಲಿ ಮಾತ್ರ ಮಿಂಚು.

ಸುನಂದಾಳ ಗಂಡ ಟ್ರ್ಯಾಕ್ಟರಿನ ಬಿಡಿಭಾಗ ಮಾರುತ್ತ ಊರೂರು ತಿರುಗುವವನು. ಬಟ್ಟೆ ಒಣಹಾಕುವ ತಂತಿ ನಮ್ಮ ಮಾಳಿಗೆಯ ಮೇಲಿದೆ. ಆದ್ದರಿಂದ ರಜೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಒಂದು ದನಿ: “ಕಾಕಾ, ಈಕೀನ್ನ ಒಂಚೂರು ನೋಡ್ಕೋರಿ. ಅರಿವಿ ಹಾಕಿ ಬಂದೇಬಿಡ್ತೀನಿ.”

ನಾನು ಉಪಕಾರ ಮಾಡುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು. ನಾನೂ ತಿದ್ದಲು ಹೋಗಲಿಲ್ಲ. ಹೆಂಡತಿ ವಿಮಲಾ ತೀರಿಕೊಂಡ ಮೇಲೆ, ಶನಿವಾರ ಕಾಲೇಜಿನ ಗೇಟು ದಾಟಿ ಬಂದರೆ ಸೋಮವಾರದವರೆಗೆ ನನ್ನ ದನಿ ನನಗೇ ಕೇಳುವುದಿಲ್ಲ. ಮನೆಯಲ್ಲಿ ಯಾರೋ ಮಾತಾಡುತ್ತಿರಲಿ ಎಂದು ಟಿವಿ ಹಚ್ಚಿಡುತ್ತೇನೆ. ಅದರಲ್ಲಿ ರಸಗೊಬ್ಬರದ ಚರ್ಚೆ ನಡೆದಿದ್ದರೂ ಸರಿಯೇ.

ಗೌರಿ ಚಮಚ ಎಸೆಯುತ್ತಾಳೆ. ಠಣ್! ಎತ್ತಿಕೊಡುತ್ತೇನೆ. ಮತ್ತೆ ಠಣ್. ಮೊದಮೊದಲು ಇದು ತುಂಟತನ ಅಂದುಕೊಂಡಿದ್ದೆ. ಆಮೇಲೆ ಅವಳ ಕಣ್ಣು ನೋಡಿದೆ. ಎಸೆದ ಕೂಡಲೇ ನೆಲ ನೋಡುತ್ತಾಳೆ, ಆಮೇಲೆ ನನ್ನ ಮುಖ. ನೆಲಕ್ಕೆ ಬೀಳುವುದು ಇವತ್ತೂ ನಿಜವೇ, ಈ ಮನುಷ್ಯ ಬಗ್ಗುವುದು ಇವತ್ತೂ ನಿಜವೇ ಎಂಬ ತನಿಖೆ! ಭಾರವಾದದ್ದು ಬೇಗ ಬೀಳುತ್ತದೆಂದು ದೊಡ್ಡ ದೊಡ್ಡ ಪಂಡಿತರೇ ಎಷ್ಟೋ ಕಾಲ ನಂಬಿಕೊಂಡಿದ್ದರಂತೆ. ಎತ್ತಿಕೊಡಲು ಒಬ್ಬ ಕಾಕಾ ಇದ್ದಿದ್ದರೆ ಅವರೂ ಬೀಳಿಸಿ ನೋಡುತ್ತಿದ್ದರೇನೋ.

ಒಮ್ಮೆ ನಾನೇ ಪರೀಕ್ಷೆಗಿಳಿದೆ. ಅವಳ ಕೆಂಪು ಚೆಂಡಿನ ಮೇಲೆ ಟವೆಲ್ ಹೊದಿಸಿದೆ. ಗೌರಿ ಅಳಲಿಲ್ಲ, ಹುಡುಕಲಿಲ್ಲ. ಕಾಣಿಸಲಿಲ್ಲವೇ, ಮುಗಿಯಿತು. ತಿರುಗಿ ನನ್ನ ಚಪ್ಪಲಿಯ ರುಚಿ ನೋಡಲು ಹೊರಟಳು. ಮರೆಯಾದದ್ದು ಎಲ್ಲೋ ಇದ್ದೇ ಇದೆ ಎಂಬ ತಿಳಿವಳಿಕೆ ಕೂಸುಗಳಿಗೆ ನಿಧಾನವಾಗಿ ಬಲಿಯುತ್ತದಂತೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಕಾಣದ್ದನ್ನು ಅಷ್ಟು ಸಲೀಸಾಗಿ ಬಿಟ್ಟುಬಿಡಲು ನನಗೆ ಯಾರಾದರೂ ಕಲಿಸಬಾರದಿತ್ತೇ?

ಆಟ ಮುಂದುವರಿಯಿತು. ಶ್ರಾವಣದ ಒಂದು ಭಾನುವಾರ ಟವೆಲ್ ಹೊದಿಸಿ ಕೈ ತೆಗೆಯುವಷ್ಟರಲ್ಲಿ ಗೌರಿ ಅದರ ಅಂಚು ಹಿಡಿದು ಜಗ್ಗಿದಳು. ಚೆಂಡು ಅಲ್ಲೇ ಇತ್ತು! ಕೂಗಿದಳು. ನಾನೂ ಚಪ್ಪಾಳೆ ತಟ್ಟಿ, ಅಡುಗೆಮನೆಯ ಕಡೆ ತಿರುಗಿ ಜೋರಾಗಿ ಅಂದುಬಿಟ್ಟೆ: “ವಿಮಲಾ, ಲಗೂನ ಬಾ ಇಲ್ಲಿ! ಕೂಸು ಹುಡಿಕಿತು ನೋಡ!”

ಅಂದ ಮೇಲೆ ಚಪ್ಪಾಳೆಯ ಕೈ ಕೆಳಗಿಳಿಸಿದೆ. ಆದರೆ ಗೌರಿ ಸುಮ್ಮನಾಗಲಿಲ್ಲ. ಈಗಷ್ಟೇ ಕಲಿತ ವಿದ್ಯೆ ಬಿಸಿಬಿಸಿಯಾಗಿತ್ತು. ನಾನು ಯಾರನ್ನೋ ಕರೆದಿದ್ದೇನೆ ಎಂದರೆ ಅಲ್ಲಿ ಯಾರೋ ಇರಲೇಬೇಕು. ಸರಸರ ಅಡುಗೆಮನೆಯ ಬಾಗಿಲಿಗೆ ಹೋದಳು, ಪರದೆ ಎತ್ತಿದಳು, ಒಳಗೆ ಇಣುಕಿದಳು. ಒಲೆ, ಸಿಲಿಂಡರು, ಮಗುಚಿಟ್ಟ ಒಂದೇ ತಟ್ಟೆ. ಪರದೆ ಬಿಟ್ಟು ಮತ್ತೆ ಎತ್ತಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಕಣ್ಣು ಒರೆಸಿಕೊಳ್ಳುವಾಗ ಸುನಂದಾ ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಕಾಕೂನ್ನ ಕರದ್ರೀ?” ಅಂದಳು.

ಹೌದೆಂದು ತಲೆಯಾಡಿಸಿದೆ.

ಬಕೆಟ್ ಕೆಳಗಿಟ್ಟು ಅಲ್ಲೇ ಕುಳಿತಳು. “ನಮ್ಮ ಅಪ್ಪ ಹೋದಮ್ಯಾಲ ನಾನೂ ಹಂಗ ಕರೀತಿದ್ದೆರಿ. ಅವ್ವ ಒಂದಿನಾನೂ ಬ್ಯಾಡ ಅನ್ನಲಿಲ್ಲ. ಕರೀರಿ ಕಾಕಾ, ಅದರಾಗ ಏನೈತಿ? ಆದರ ಒಬ್ಬರ ಕುಂತು ಕರೀಬ್ಯಾಡ್ರಿ. ಬರೂ ಐತ್ವಾರ ಖಾನಾಪುರಕ್ಕ ಅವ್ವನ ಮನಿಗೆ ಹೊಂಟೀವಿ, ನೀವೂ ಬರ್ರಿ.”

ಆ ಭಾನುವಾರ ಹೋಗದಿರಲು ಎರಡು ನೆಪ ಹುಡುಕಿದೆ. ಎರಡೂ ಅವಳ ಮುಂದೆ ನಿಲ್ಲಲಿಲ್ಲ. ಬಸ್ಸಿನಲ್ಲಿ ಗೌರಿ ನನ್ನ ತೊಡೆಯ ಮೇಲೆ, ನನ್ನ ಕೈಯ ಆಸರೆಯಲ್ಲಿ ನಿಂತು, ಕಿಟಕಿಯಾಚೆ ಹಿಂದಕ್ಕೆ ಓಡುವ ಮರಗಳನ್ನೆಲ್ಲ ಬೆರಗಿನಿಂದ ಬೈದಳು. ಮನೆಯಲ್ಲಿ ಸುನಂದಾಳ ತಾಯಿ ಮರಾಠಿಯಲ್ಲಿ ಶುರುಮಾಡಿ, ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದರು: “ಬರ್ರಿ, ಕುಂದರ್ರಿ. ನಮ್ಮ ಪೋರಿ ಭಾಳ ತ್ರಾಸ ಕೊಡ್ತಾಳಂತ, ಖರೇ ಏನ್ರಿ?”

ಊಟವಾದ ಮೇಲೆ ಎಲ್ಲರೂ ಮಲಪ್ರಭೆಯ ಸ್ನಾನಘಟ್ಟಕ್ಕೆ ಹೋದೆವು. ನೀರಿಗೆ ತಾಗಿದ ಮೆಟ್ಟಿಲಲ್ಲಿ ಗೌರಿಯನ್ನು ಹಿಡಿದು ಕುಳಿತೆ. ಅವಳು ನೀರಿಗೆ ಕೈ ಹಾಕಿ ಗಟ್ಟಿಯಾಗಿ ಮುಷ್ಟಿ ಕಟ್ಟಿದಳು. ಎತ್ತಿ, ಬಿಚ್ಚಿ ನೋಡಿದಳು. ಏನೂ ಇಲ್ಲ. ಮತ್ತೆ ಹಿಡಿದಳು, ಮತ್ತೆ ಇಲ್ಲ. ಅಳುತ್ತಾಳೆಂದು ಕಾದೆ. ಅವಳು ತನ್ನ ಒದ್ದೆ ಅಂಗೈಯನ್ನು ಕೊಂಚ ಹೊತ್ತು ದಿಟ್ಟಿಸಿ, ಅದನ್ನು ನನ್ನ ಕೆನ್ನೆಗೆ ಒತ್ತಿದಳು. ತಣ್ಣಗಿತ್ತು.

“ಕಾಕಾ, ನಿಮ್ಮ ಪ್ಯಾಂಟು ಪೂರಾ ತೋಯಾಕತ್ತೈತಿ,” ಎಂದು ಸುನಂದಾ ಮೇಲಿನಿಂದ ಕೂಗಿದಳು.

“ತೋಯ್ಲಿ ಬಿಡವಾ,” ಅಂದೆ, ಮತ್ತೊಂದು ಮೆಟ್ಟಿಲು ಇಳಿದು ಕುಳಿತೆ.