ಹಗ್ಗದಕ್ಕನ ಎಂಜಿನ್ನುಗಳು

ಊರಿನವರ ಬಾಯಲ್ಲಿ ಆ ಕಾರ್ಖಾನೆ ಅಂದರೆ ಎರಡು ಮನೆ. ಮುಂದುಗಡೆ ಕಾರು ಮಾಡುವ ಹಳೆಯ ಕಂಪನಿ, ದೊಡ್ಡ ಮನೆ. ಅದೇ ಕಂಪನಿಯವರು ಹಿಂದಿನ ಅಂಗಳದಲ್ಲಿ ಬೇರೆ ಹೆಸರಿನಲ್ಲಿ ತೆರೆದ ಸಣ್ಣ ಎಂಜಿನ್ನುಗಳ ಕಂಪನಿ, ಚಿಕ್ಕ ಮನೆ. ಹಾಗಾಗಿ ಯಾವ ಗಂಡಸಾದರೂ ಹೆಂಡತಿಗೆ "ಚಿಕ್ಕ ಮನೆಗೆ ಹೋಗಿ ಬರ್ತೀನಿ ಕಣೇ" ಅಂತ ಹೇಳಿ ಹೊರಟರೆ ಬೀದಿಯೆಲ್ಲ ಮುಸಿಮುಸಿ ನಗುತ್ತಿತ್ತು. ಒಬ್ಬ ದರ್ಜಿಯ ಮನೆಯಲ್ಲಿ ಮಾತ್ರ ಚಿಕ್ಕ ಮನೆಗೆ ಹೋಗುತ್ತಿದ್ದವಳು ಹೆಂಡತಿಯೇ. ಗಂಡ ಮನೆಯಲ್ಲೇ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಮಾವನಿಗೆ ದೊಡ್ಡ ಮನೆಯಲ್ಲಿ ಕೆಲಸ.

ಮಾವನ ಕೈಚಳಕ ಸಾಮಾನ್ಯದ್ದಲ್ಲ. ಕಾರು ಪೂರ್ತಿ ಸಿದ್ಧವಾದ ಮೇಲೆ ಅದರ ಮೈಯುದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಬಂಗಾರದ ಗೆರೆ ಎಳೆಯುವುದು ಅವರ ಕೆಲಸ. ಉಸಿರು ಬಿಗಿಹಿಡಿದು ಮೂತಿಯಿಂದ ಬಾಲದವರೆಗೆ ಒಂದೇ ಎಳೆತ. ಅಳತೆಕಡ್ಡಿ ಇಲ್ಲ, ಏನಿಲ್ಲ.

ಸೊಸೆಗೆ ಸಿಕ್ಕಿದ್ದು ಪರೀಕ್ಷೆಯ ಕಟ್ಟೆಯ ಕೆಲಸ. ಜೋಡಿಸಿ ಮುಗಿದ ಎಂಜಿನ್ನು ಅವಳ ಮುಂದೆ ಬರುತ್ತಿತ್ತು. ಎಣ್ಣೆ ಹಾಕಬೇಕು, ಒಂದು ಲೋಟ ಪೆಟ್ರೋಲು ಸುರಿಯಬೇಕು, ಚಕ್ರಕ್ಕೆ ಹಗ್ಗ ಸುತ್ತಿ ಎಳೆಯಬೇಕು. ಮೊದಲ ದಿನ ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ.

"ಹೆದರ್ಕೋಬೇಡಮ್ಮ, ಕಚ್ಚಲ್ಲ. ಜೋರಾಗಿ ಎಳಿ."

ಎಳೆದಳು. ಗೊರಕೆಯಂಥದ್ದೇನೋ ಕೇಳಿಸಿ ಸುಮ್ಮನಾಯಿತು. ಮತ್ತೆ ಎಳೆದಳು. ಅಷ್ಟೇ! ಅಲ್ಲಿಯವರೆಗೆ ಒಂದು ಮಡಕೆಯಷ್ಟು ತಣ್ಣಗೆ ಕೂತಿದ್ದ ಕಬ್ಬಿಣ ಒಮ್ಮೆಲೇ ಕೆಮ್ಮಿ, ಮೈ ಕೊಡವಿ, ಟಕಟಕ ಅಂತ ಮಾತಿಗೆ ಶುರುಮಾಡಿತು. ಅವಳ ಕೈಯಲ್ಲಿ ಹಗ್ಗ ಹಾಗೇ ಉಳಿಯಿತು. ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಇದು... ಇದಕ್ಕೆ ಮುಂಚೆ ಒಂದು ಸಲಾನೂ ಓಡಿರ್ಲಿಲ್ವಾ?"

"ಎಲ್ಲಿಂದ ಓಡುತ್ತೆ? ಈಗ ತಾನೇ ಹುಟ್ಟಿದೆ. ನೀನೇ ಸೂಲಗಿತ್ತಿ ಅನ್ಕೋ."

ಸದ್ದು ಸರಿಯಾಗಿದ್ದರೆ ಸ್ವಲ್ಪ ಹೊತ್ತು ಓಡಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಮುಂದಕ್ಕೆ ತಳ್ಳುವುದು. ಅಲ್ಲಿಂದಾಚೆ ಮರದ ಪೆಟ್ಟಿಗೆ, ಮೊಳೆ, ಲಾರಿ. ವರ್ಷಗಳು ಉರುಳಿದವು. ಎಲ್ಲರ ಬಾಯಲ್ಲೂ ಅವಳು ಹಗ್ಗದಕ್ಕ ಆದಳು. ಬಲಭುಜ ಎಡಭುಜಕ್ಕಿಂತ ದಪ್ಪಗಾಯಿತು. ಅವಳ ರವಿಕೆಯ ಒಂದು ತೋಳನ್ನು ಗಂಡ ಸಡಿಲ ಬಿಟ್ಟು ಹೊಲಿಯುತ್ತಿದ್ದ. ಎಷ್ಟು ಎಂಜಿನ್ನು ಎಳೆದರೂ ಆ ಮೊದಲ ಕೆಮ್ಮು ಕೇಳಿದಾಗ ಅವಳ ಎದೆ ಒಮ್ಮೆ ಝಲ್ಲೆನ್ನುವುದು ಮಾತ್ರ ನಿಲ್ಲಲಿಲ್ಲ.

ಮಾವನಿಗೆ ಇದೆಲ್ಲ ತಮಾಷೆ.

"ಏನಮ್ಮ, ಇವತ್ತು ಎಷ್ಟು ಕಪ್ಪೆ ಕೂಗಿಸಿದೆ?" ಅಂತ ಊಟಕ್ಕೆ ಕೂತಾಗ ಕೇಳುತ್ತಿದ್ದರು. "ನಮ್ಮಲ್ಲಿ ಎಂಜಿನ್ನು ಓಡ್ತಿದೆಯೋ ಇಲ್ವೋ ಅಂತ ಬಾನೆಟ್ಟಿಗೆ ಕಿವಿ ಇಟ್ಟು ನೋಡ್ಬೇಕು."

"ನಿಮ್ಮದು ಆನೆ ಮಾವ, ನಮ್ಮದು ಕಪ್ಪೆ. ಸಾರು ಬಡಿಸ್ಲಾ?" ಅನ್ನುತ್ತಿದ್ದಳು ಅವಳು.

ಆನೆ ಕೊಳ್ಳುವವರು ಕಡಿಮೆಯಾದರು. ಒಂದು ದಿನ ದೊಡ್ಡ ಮನೆಯ ಬಾಗಿಲಿಗೆ ಬೀಗ ಬಿತ್ತು; ಚಿಕ್ಕ ಮನೆ ಮಾತ್ರ ನಡೆಯುತ್ತಿತ್ತು. ಇದ್ದಬದ್ದ ಕಾರುಗಳು ಸಿರಿವಂತರ ಕೊಟ್ಟಿಗೆ ಸೇರಿ, ಬಟ್ಟೆ ಹೊದ್ದು, ವರ್ಷಕ್ಕೊಮ್ಮೆ ಮೆರವಣಿಗೆಗೆ ಮಾತ್ರ ಹೊರಬರುವಂಥವಾದವು. ಮಾವ ಗೋಡೆ ನೋಡುತ್ತ ಕೂತುಬಿಟ್ಟರು. ಊಟ ಅಂದರೆ ಎರಡು ತುತ್ತು, ಮಾತು ಅಂದರೆ ಹ್ಞೂಂ. ಕಪ್ಪೆಯ ಜೋಕೂ ನಿಂತುಹೋಯಿತು. ಸೊಸೆಗೆ ಅದೇ ಹೆಚ್ಚು ಸಂಕಟ.

"ಗಾಳಿ ಬದಲಾಯಿಸಿ ನೋಡಿ," ಅಂದರು ಡಾಕ್ಟರು. ಹಗ್ಗದಕ್ಕನ ತಂಗಿಯನ್ನು ದೊಡ್ಡದೊಂದು ಕೆರೆಯ ದಡದ ಊರಿಗೆ ಕೊಟ್ಟಿದ್ದರು; ತಂಗಿಯ ಗಂಡ ದೋಣಿಯವನು. ರಜೆ ಹಾಕಿ, ಮಾವನನ್ನು ಕರೆದುಕೊಂಡು ಮೊದಲ ಸಲ ಅಲ್ಲಿಗೆ ಹೋದಳು.

ಮರುದಿನ ಬೆಳಕು ಹರಿಯುವಾಗ ಯಾವುದೋ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಅರೆನಿದ್ದೆಯಲ್ಲಿ, ಕೆಲಸಕ್ಕೆ ಹೊತ್ತಾಯಿತು ಅಂತ ಸೆರಗು ಬಿಗಿದು ಎದ್ದೇಬಿಟ್ಟಳು. ಆಮೇಲೆ ನೋಡಿದರೆ ಇದು ತಂಗಿಯ ಮನೆ. ಸದ್ದು ಮಾತ್ರ ಚಿಕ್ಕ ಮನೆಯದೇ.

ದಡಕ್ಕೆ ಓಡಿದಳು. ನೀರಿನ ಮೇಲೆ ಮಂಜು ಗೋಡೆಯ ಹಾಗೆ ನಿಂತಿತ್ತು, ಒಂದು ದೋಣಿಯೂ ಕಾಣಿಸುತ್ತಿರಲಿಲ್ಲ. ಮಂಜಿನೊಳಗೆ ಒಂದು ಎಂಜಿನ್ನು ಕೆಮ್ಮಿತು, ಟಕಟಕ ಅಂತ ಓಡತೊಡಗಿತು. ಅದರ ಬಲಕ್ಕೆ ಇನ್ನೊಂದು. ದೂರದಲ್ಲಿ ಮತ್ತೊಂದು. ಬೆನ್ನ ಹಿಂದೆ ಕಾಯಿಪಲ್ಲೆ ಮಡಿಗಳ ಕಡೆಯಿಂದ ಪಂಪು, ಮೀನಿನ ಶೆಡ್ಡಿನಿಂದ ಐಸ್ ಪುಡಿ ಮಾಡುವ ಯಂತ್ರ. ಸ್ವಲ್ಪ ಹೊತ್ತಿನಲ್ಲಿ ಇಡೀ ಕೆರೆಯೇ ಎದ್ದು ಕೂತ ಹಾಗಾಯಿತು.

ಅವಳು ಅಲ್ಲೇ ಕಲ್ಲಿನ ಮೇಲೆ ಕೂತಳು. ಇವುಗಳ ಬಾಳಿನಲ್ಲಿ ಅವಳು ಕಂಡದ್ದು ಮೊದಲ ಒಂದಿಷ್ಟು ಹೊತ್ತು ಮಾತ್ರ. ಪೆಟ್ಟಿಗೆಗೆ ಮೊಳೆ ಹೊಡೆದ ಮೇಲೆ ಎಲ್ಲಿಗೆ, ಯಾರ ಕೈಗೆ, ಯಾವ ಕೆಲಸಕ್ಕೆ ಅಂತ ಒಂದು ದಿನವೂ ತಲೆ ಕೆಡಿಸಿಕೊಂಡವಳಲ್ಲ. ಇಲ್ಲಿ ನೋಡಿದರೆ ಒಂದು ಊರಿಗೆ ಊರೇ ಅವುಗಳ ಬೆನ್ನೇರಿ ದಿನ ಶುರುಮಾಡುತ್ತಿತ್ತು.

ಮಾವ ಶಾಲು ಹೊದ್ದು ಬಂದು ಯಾವಾಗಲೋ ಪಕ್ಕದಲ್ಲಿ ನಿಂತಿದ್ದರು.

"ಇವೆಲ್ಲ ನಿಮ್ಮವೇನಮ್ಮ?"

ದೋಣಿಗೆ ಪೆಟ್ರೋಲು ಹಾಕುತ್ತಿದ್ದ ತಂಗಿಯ ಗಂಡ ಉತ್ತರ ಕೊಟ್ಟ. "ಎಲ್ಲಾ ಇವರ ಕಂಪನಿಯವೇ, ಯಜಮಾನರೇ. ಮುಂಚೆ ಹುಟ್ಟು ಹಾಕ್ಕೊಂಡು ಆಚೆ ದಡದ ಆಸ್ಪತ್ರೆ ಸೇರೋ ಹೊತ್ತಿಗೆ ಅರ್ಧ ದಿನ ಹೋಗ್ತಿತ್ತು. ನಮ್ಮವಳಿಗೆ ಹೆರಿಗೆ ನೋವು ಬಂದಾಗ ಇದೇ ಎಂಜಿನ್ನು ಜೀವ ಉಳಿಸಿದ್ದು. ಮಗು ಅಡ್ಡ ತಿರುಗಿತ್ತು. ಸ್ವಲ್ಪ ತಡವಾಗಿದ್ರೂ ತಾಯಿ ಮಗು ಇಬ್ಬರೂ ಇರ್ತಿರ್ಲಿಲ್ಲ ಅಂದ್ರು ನರ್ಸಮ್ಮ."

ಹಗ್ಗದಕ್ಕ ತಂಗಿಯ ಮನೆಯ ಕಡೆ ತಿರುಗಿದಳು. ಬಾಗಿಲಲ್ಲಿ ಆ ಮಗು, ಈಗ ಸೊಂಟದುದ್ದ ಬೆಳೆದವಳು, ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದಳು.

"ಇದನ್ನೆಲ್ಲ ನೀನು ಶುರು ಮಾಡಿಸಿದ್ದೇನಮ್ಮ?" ಮಾವನ ದನಿ ಸಣ್ಣದಾಗಿತ್ತು.

"ನಾನೊಬ್ಬಳೇ ಅಲ್ಲ ಮಾವ. ಎರಕ ಹೊಯ್ದವರು, ಜೋಡಿಸಿದವರು ಎಲ್ಲ ಬೇರೆ. ನಾನು ಮೊದಲ ಸಲ ಎಳೆದೆ, ಅಷ್ಟೇ."

"ಅಷ್ಟೇ ಅಂತಾಳೆ!" ಅಂದರು ಮಾವ. ಆಮೇಲೆ ದೋಣಿಯವನಿಗೆ, "ನನ್ನನ್ನೂ ಒಂದು ಸುತ್ತು ಕೂರಿಸ್ಕೋತೀಯೇನಪ್ಪ? ಅಷ್ಟು ವರ್ಷ ಕಾರು ಚಂದ ಮಾಡ್ದೆ, ಒಂದರಲ್ಲೂ ಕೂತವನಲ್ಲ."

ದೋಣಿ ಹೊರಟಿತು. ಮಾವ ಎಂಜಿನ್ನಿನ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂತಿದ್ದರು. ಅದರ ನಡುಕ ತೋಳಿಗೇರಿ ಅವರ ಗಲ್ಲವೂ ಅದುರುತ್ತಿತ್ತು. ಅವರು ಮಗುವಿನ ಹಾಗೆ ನಗುತ್ತಿದ್ದರು. ದಡಕ್ಕೆ ಮರಳಿದರೂ ಇಳಿಯಲಿಲ್ಲ, "ಇನ್ನೊಂದು ಸುತ್ತು" ಅಂದರು. ಆ ಬೆಳಿಗ್ಗೆ ಬುತ್ತಿ ಹೊತ್ತ ಕೂಲಿಯವರು, ಶಾಲೆಯವರು, ಸಂತೆಯವರು ಎಲ್ಲರ ಜೊತೆಗೂ ಅವರು ಆಚೆ ದಡ ಮುಟ್ಟಿ ಬಂದರು. ಮಧ್ಯಾಹ್ನ ಹೊಟ್ಟೆ ತುಂಬ ಉಂಡರು.

ರಜೆ ಮುಗಿಸಿ ಹಗ್ಗದಕ್ಕ ಪರೀಕ್ಷೆಯ ಕಟ್ಟೆಗೆ ಮರಳಿದಳು. ಮೊದಲ ಎಂಜಿನ್ನು ಎಳೆದಳು, ಓಡತೊಡಗಿತು. ಗುರುತು ಹಾಕದೆ ಅದನ್ನೇ ನೋಡುತ್ತ ನಿಂತಳು.

"ಏನಕ್ಕ, ಸದ್ದು ಸರಿಯಿಲ್ವಾ?" ಮೇಸ್ತ್ರಿ ಬಂದ.

"ಸರಿಯಿದೆ. ಇದು ಎಲ್ಲಿಗೆ ಹೋಗುತ್ತೆ ಮೇಸ್ತ್ರಿ?"

ಅಷ್ಟು ವರ್ಷಗಳಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ತಲೆ ಕೆರೆದುಕೊಂಡ. "ಈ ಲಾರಿ ಬೆಟ್ಟದ ಕಡೆಗೆ. ಮರ ಕೊಯ್ಯೋ ಗರಗಸಕ್ಕೆ ಇರಬೇಕು."

ಅವಳು ಬೆಟ್ಟ ಕಂಡವಳಲ್ಲ. ಎಂಜಿನ್ನಿನ ಬಿಸಿ ಮೈಯನ್ನೊಮ್ಮೆ ಸವರಿ, ಗುರುತು ಹಾಕಿ, ಮುಂದಕ್ಕೆ ಕಳಿಸಿದಳು.